ಚೀಕಲಪರ್ವಿಯ ಕಟ್ಟೆಯ ಮೇಲೆ ಕಾಸರಗೋಡಿನ ನಗೆ

1956ರ ನವೆಂಬರ್ 1ರಂದು ನಮ್ಮ ರಾಯಚೂರು ಕನ್ನಡ ರಾಜ್ಯದ ಒಳಗೆ ಬಂತು. ಅದೇ ದಿನ ಕಾಸರಗೋಡು ಹೊರಗೆ ಹೋಯಿತು. ನಿಜಾಮನ ಹೈದರಾಬಾದಿನಲ್ಲಿ ಶಾಲೆಯಲ್ಲಿ ಉರ್ದು ಕಲಿತು, ಸಂತೆಯಲ್ಲಿ ತೆಲುಗು ಆಡಿ, ಮನೆಯಲ್ಲಿ ಕನ್ನಡ ಉಳಿಸಿಕೊಂಡಿದ್ದ ನಮ್ಮ ಹಿರಿಯರು ಅಂದು ಮೈಸೂರು ರಾಜ್ಯದವರಾದರು. ಮದ್ರಾಸಿನ ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿದ್ದ ಕಾಸರಗೋಡು ಹೊಸದಾಗಿ ಹುಟ್ಟಿದ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈ ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಳ್ಳುವವರೆಗೂ ಆ ನೋವನ್ನು ಮರೆಯಲಿಲ್ಲ.

ಒಳಗೆ ಬಂದವರು ಮತ್ತು ಹೊರಗೆ ಹೋದವರು ಮತ್ತೆ ಒಂದೇ ಕಟ್ಟೆಯ ಮೇಲೆ ಕೂಡಿದ್ದನ್ನು ನಾನು ಕಂಡದ್ದು 2025ರ ಕಾರ್ತಿಕದಲ್ಲಿ. ಕೂಡಿಸಿದ್ದು ಒಂದು ನಗೆಯ ಸಿನಿಮಾ.

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ತುಂಗಭದ್ರೆಯ ದಂಡೆಯ ಊರು. ಹರಿದಾಸರಲ್ಲಿ ಸುಳಾದಿಗೆ ಹೆಸರಾದ ವಿಜಯದಾಸರು ಹುಟ್ಟಿದ ಊರು. ಕಾರ್ತಿಕ ಶುದ್ಧ ದಶಮಿಗೆ ಅವರ ಆರಾಧನೆ. ಆ ವರ್ಷ ಅದು ರಾಜ್ಯೋತ್ಸವದ ಆಸುಪಾಸಿನಲ್ಲೇ ಬಂದಿತ್ತು. ನಮ್ಮಕ್ಕನನ್ನು ಆ ಊರಿಗೆ ಕೊಟ್ಟಿರುವುದರಿಂದ ನಾನು ಆರಾಧನೆಗೆ ತಪ್ಪದೆ ಹೋಗುವವನು. ಪಂಕ್ತಿಯ ಊಟ ಮುಗಿದು, ಎಲೆ ಅಡಿಕೆ ಮೆಲ್ಲುತ್ತ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತಾಗ ಅಳಿಯ ತನ್ನ ಫೋನನ್ನು ನೀರಿನ ತಂಬಿಗೆಗೆ ಆನಿಸಿಟ್ಟು ‘ಸು ಫ್ರಮ್ ಸೋ’ ಹಚ್ಚಿದ. ನೋಡನೋಡುತ್ತ ಎಂಟು ಹತ್ತು ತಲೆಗಳು ಆ ಅಂಗೈಯಗಲದ ಪರದೆಗೆ ಬಾಗಿದವು. ಎಲ್ಲರಿಗಿಂತ ಮುಂದೆ ಕೂತವರು ಅಕ್ಕನ ಅತ್ತೆ, ನಾನು ಅಮ್ಮ ಎನ್ನುವವರು. ಎಂಬತ್ತು ದಾಟಿದ ಜೀವ. ಕಡಲನ್ನು ಕಣ್ಣಿಂದ ಕಂಡವರಲ್ಲ.

ಸಿನಿಮಾ ನಡೆಯುವುದು ಕರಾವಳಿಯ ಮರ್ಲೂರು ಎಂಬ ಹಳ್ಳಿಯಲ್ಲಿ. ಅಶೋಕ ಎಂಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ದೆವ್ವ ಬಂದಿದೆ ಎಂದು ಊರಿಗೆ ಊರೇ ನಂಬುತ್ತದೆ. ಅಲ್ಲಿಯ ಕನ್ನಡ ನಮ್ಮ ಕನ್ನಡವಲ್ಲ. ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ತುಳುವಿನ ರಾಗದಲ್ಲಿ ಆಡುವ ಕನ್ನಡ. ಊರಿನ ಯಾವ ಕೆಲಸ ಬಂದರೂ ಮುಂದೆ ನಿಲ್ಲುವ, ಮದುವೆಯಾಗದ ರವಿಯಣ್ಣ ಪರದೆಗೆ ಬಂದಾಗಲೆಲ್ಲ ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು.

“ಮಾತು ತಿಳೀತೇನ್ರೀ ಅಮ್ಮಾ?” ಅಂದೆ.

“ಮಾತು ಅರ್ಧಂಬರ್ಧ ತಿಳೀತಪಾ. ಆದ್ರ ಈ ಮನಷಾ ಯಾರು ಅಂಬಾದು ತಿಳೀತು. ಇಂಥವ ನಮ್ಮ ಓಣ್ಯಾಗೂ ಒಬ್ಬ ಅದಾನ.”

ಮಲಯಾಳಂ ನಗೆ ಸಿನಿಮಾಗಳ ಬಗ್ಗೆ ನಾನು ಎಷ್ಟೋ ಓದಿದ್ದೇನೆ, ಎಷ್ಟೋ ಮಾತಾಡಿದ್ದೇನೆ. ಅವು ಯಾಕೆ ನಗಿಸುತ್ತವೆ ಎಂಬುದಕ್ಕೆ ಅಮ್ಮನ ಈ ಮಾತಿಗಿಂತ ಸರಿಯಾದ ಉತ್ತರ ನನಗೆ ಸಿಕ್ಕಿಲ್ಲ. ‘ಸು ಫ್ರಮ್ ಸೋ’ ಕನ್ನಡದ ಸಿನಿಮಾವೇ. ಆದರೆ ಅದನ್ನು ಬರೆದು, ನಿರ್ದೇಶಿಸಿ, ಅಶೋಕನಾಗಿ ನಟಿಸಿದ ಜೆ.ಪಿ. ತುಮಿನಾಡು ಅವರ ಹೆಸರಿನಲ್ಲಿರುವ ಊರು ಇಂದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯದು. 1956ರಲ್ಲಿ ಹೊರಗೆ ಹೋದ ನೆಲ ಅದು. ಅಲ್ಲಿ ಹುಟ್ಟಿದ ನಗೆ ಚೀಕಲಪರ್ವಿಯ ಕಟ್ಟೆ ತಲುಪಿದ ದಾರಿ ಬಹಳ ಉದ್ದ.

ದಾರಿಯ ಮೊದಲ ತುದಿ ಹದಿನೆಂಟನೆಯ ಶತಮಾನದಲ್ಲಿದೆ. ವಿಜಯದಾಸರು 1682ರಿಂದ 1755ರವರೆಗೆ ಬದುಕಿದವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು ನಮ್ಮ ಮಾನ್ವಿಯವರು. ಪಂಡಿತರ ಸಂಸ್ಕೃತದಲ್ಲಿದ್ದುದನ್ನು ಬೀಸುವ ಕುಟ್ಟುವ ಹೆಂಗಸರ ಬಾಯಿಗೆ ತಂದವರು ಇವರು. ಅದೇ ಕಾಲಕ್ಕೆ ಕೇರಳದಲ್ಲಿ ಕುಂಜನ್ ನಂಬಿಯಾರ್ ಎಂಬ ಕವಿಯಿದ್ದ. ದೇವಸ್ಥಾನದ ಕೂತ್ತು ಎಂಬ ಆಟದಲ್ಲಿ ಕಥೆಗಾರ ಚಾಕ್ಯಾರ್ ಕಥೆ ಹೇಳುವಾಗ ನಂಬಿಯಾರ್ ಮಿಳಾವು ಎಂಬ ವಾದ್ಯ ಬಾರಿಸುತ್ತ ತೂಕಡಿಸಿದ, ಚಾಕ್ಯಾರ್ ತುಂಬಿದ ಸಭೆಯಲ್ಲಿ ಅವನನ್ನು ಹಂಗಿಸಿದ, ಮರುದಿನವೇ ನಂಬಿಯಾರ್ ಅದೇ ಅಂಗಳದಲ್ಲಿ ತನ್ನದೇ ಹೊಸ ಆಟ ಕಟ್ಟಿ ಚಾಕ್ಯಾರನ ಸಭೆಯನ್ನು ಖಾಲಿ ಮಾಡಿದ ಎಂದು ಐತಿಹ್ಯ. ಆ ಆಟವೇ ತುಳ್ಳಲ್.

ನಂಬಿಯಾರ್ ಮಾಡಿದ್ದೇನೆಂದರೆ, ಭೀಮನನ್ನೂ ದುರ್ಯೋಧನನನ್ನೂ ತಂದು ಕೇರಳದ ಊಟದ ಮನೆಯಲ್ಲಿ, ನಾಯರ್ ಪಡೆಯ ಗೊಂದಲದಲ್ಲಿ, ಸಾಲಗಾರರ ಜಗಲಿಯಲ್ಲಿ ನಿಲ್ಲಿಸಿದ್ದು. ಪುರಾಣದ ಹೆಸರು, ನೆರೆಮನೆಯ ನಡತೆ. ಕೇಳುವವನು ದುರ್ಯೋಧನನನ್ನು ನೋಡಿ ನಗುತ್ತಿರಲಿಲ್ಲ, ತನ್ನ ಊರಿನ ಯಜಮಾನನನ್ನು ನೋಡಿ ನಗುತ್ತಿದ್ದ. ಭಾಷೆ ಸಂಸ್ಕೃತದ ಭಾರವಿಲ್ಲದ ಆಡುಮಾತು. ಮಲಯಾಳಂ ನಗೆ ಸಿನಿಮಾದ ಬೀಜ ಇಲ್ಲೇ ಬಿದ್ದಿತೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅಮ್ಮ ಹೇಳಿದ ‘ನಮ್ಮ ಓಣ್ಯಾಗೂ ಒಬ್ಬ ಅದಾನ’ ಎಂಬುದು ತುಳ್ಳಲ್ ನೋಡಿದ ಜನವೂ ಹೇಳಿರಬಹುದಾದ ಮಾತೇ.

ಸಿನಿಮಾ ಬಂದ ಮೇಲೆ ಈ ಬೀಜ ಚಿಗುರಲು ಒಂದು ಸಂಕಟ ಬೇಕಾಯಿತು. ಅದು ನಿರುದ್ಯೋಗ. 1980ರ ದಶಕದ ಕೇರಳದಲ್ಲಿ ಮನೆಮನೆಗೆ ಪದವೀಧರರಿದ್ದರು, ಕೆಲಸವಿರಲಿಲ್ಲ. ಊರಿನ ಅರ್ಧ ಗಂಡಸರು ಕೊಲ್ಲಿ ದೇಶಗಳಲ್ಲಿ, ಉಳಿದರ್ಧ ಅಲ್ಲಿಗೆ ಹೋಗುವ ಹವಣಿಕೆಯಲ್ಲಿ. 1987ರಲ್ಲಿ ಸತ್ಯನ್ ಅಂತಿಕ್ಕಾಡ್ ನಿರ್ದೇಶಿಸಿ ಶ್ರೀನಿವಾಸನ್ ಬರೆದ ‘ನಾಡೋಡಿಕ್ಕಾಟ್ಟು’ ಬಂತು. ದಾಸನ್ ಮತ್ತು ವಿಜಯನ್ ಎಂಬ ಇಬ್ಬರು ಕೆಲಸವಿಲ್ಲದ ಗೆಳೆಯರು. ಹಸು ಕಟ್ಟಿ ಹಾಲು ಮಾರಲು ನೋಡುತ್ತಾರೆ, ಅದೂ ಮುಳುಗುತ್ತದೆ. ಕೊನೆಗೆ ಗಫೂರ್ಕ ಎಂಬಾತನಿಗೆ ಇದ್ದಬದ್ದ ದುಡ್ಡು ಕೊಟ್ಟು ಕಳ್ಳದಾರಿಯಲ್ಲಿ ದುಬೈಗೆ ಹಡಗು ಹತ್ತುತ್ತಾರೆ. ದಡಕ್ಕಿಳಿದು ಅರಬರ ವೇಷ ಹಾಕಿಕೊಂಡು ನಡೆದರೆ ಕಣ್ಣಿಗೆ ಬೀಳುವುದು ತಮಿಳು ಅಕ್ಷರ. ಅದು ದುಬೈ ಅಲ್ಲ, ಮದ್ರಾಸಿನ ಕಡಲತೀರ.

ಈ ದೃಶ್ಯವನ್ನು ನಾನು ನೋಡುವಾಗಲೆಲ್ಲ ನಗುತ್ತೇನೆ, ನಕ್ಕ ಮೇಲೆ ಎದೆ ಚುರುಕ್ಕೆನ್ನುತ್ತದೆ. ಅಷ್ಟು ದೂರದ ಕನಸು ಪಕ್ಕದ ರಾಜ್ಯದಲ್ಲೇ ಇಳಿದುಬಿಟ್ಟಿತಲ್ಲ. ದಾಸನ್ ಆದ ಮೋಹನ್‌ಲಾಲ್ ಮತ್ತು ವಿಜಯನ್ ಆದ ಶ್ರೀನಿವಾಸನ್ ಇಬ್ಬರೂ ಅಲ್ಲಿ ನಗಿಸಲು ನಿಂತವರಲ್ಲ. ಅವರ ಮುಖದಲ್ಲಿರುವುದು ಹಸಿವು, ಭಯ ಮತ್ತು ‘ನಾನು ಬಿ.ಕಾಂ. ಪಾಸಾದವನು’ ಎಂಬ ಜಂಬ. ತಾವು ತಮಾಷೆಯ ಮನುಷ್ಯರೆಂದು ಆ ಪಾತ್ರಗಳಿಗೆ ಗೊತ್ತೇ ಇಲ್ಲ. ಮಲಯಾಳಂ ಹಾಸ್ಯದ ಗುಟ್ಟು ಇದೇ. ನಮ್ಮ ಸಿನಿಮಾಗಳಲ್ಲಿ ಹಾಸ್ಯಗಾರ ಎಂದರೆ ಬೇರೆ ಅಂಗಿ, ಬೇರೆ ನಡಿಗೆ, ಬೇರೆ ಹಿನ್ನೆಲೆ ಸಂಗೀತ. ನಾಯಕ ಹೋದ ಮೇಲೆ ಅವನು ಬರಬೇಕು, ಅವನು ಹೋದ ಮೇಲೆ ಕಥೆ ಮುಂದುವರಿಯಬೇಕು. ಅಲ್ಲಿ ಕಥೆಯೇ ನಗಿಸುತ್ತದೆ, ನಾಯಕನೇ ಬೀಳುತ್ತಾನೆ.

ಆಮೇಲಿನ ಏಳೆಂಟು ವರ್ಷ ಮಲಯಾಳಂ ನಗೆಯ ಸುಗ್ಗಿ. 1989ರ ‘ವರವೇಲ್ಪು’ವಿನಲ್ಲಿ ಕೊಲ್ಲಿಯಿಂದ ಮರಳಿದವನು ಉಳಿಸಿದ ದುಡ್ಡೆಲ್ಲ ಹಾಕಿ ಬಸ್ಸು ಕೊಂಡು ಕೈಸುಟ್ಟುಕೊಂಡ. 1991ರ ‘ಸಂದೇಶಂ’ನಲ್ಲಿ ಒಂದೇ ಮನೆಯ ಅಣ್ಣ ತಮ್ಮ ಎರಡು ಪಕ್ಷ ಹಿಡಿದು ಮನೆಯನ್ನೇ ಒಡೆದರು. ಈ ಸಿನಿಮಾವನ್ನು ಪಂಚಾಯ್ತಿ ಚುನಾವಣೆಯ ಹಿಂದಿನ ವಾರ ನಮ್ಮ ಯಾವ ಹಳ್ಳಿಯಲ್ಲಿ ತೋರಿಸಿದರೂ ಯಾರೂ ಅನುವಾದ ಕೇಳಲಾರರು. ಕೊಚ್ಚಿಯಲ್ಲಿ ಫಾದರ್ ಆಬೆಲ್ 1969ರಲ್ಲಿ ಕಟ್ಟಿದ ಕಲಾಭವನದಿಂದ ಮಿಮಿಕ್ರಿಯ ಹುಡುಗರ ದಂಡೇ ಬಂತು. ಅವರಲ್ಲಿ ಸಿದ್ದಿಕ್ ಮತ್ತು ಲಾಲ್ ಜೋಡಿ 1989ರಲ್ಲಿ ‘ರಾಮ್‌ಜಿ ರಾವ್ ಸ್ಪೀಕಿಂಗ್’ ಮಾಡಿತು. ಅದೇ ಕಥೆ 2000ದಲ್ಲಿ ಹಿಂದಿಯ ‘ಹೇರಾ ಫೇರಿ’ಯಾಗಿ ಇಡೀ ದೇಶವನ್ನು ನಗಿಸಿತು.

ಇವುಗಳ ನಗೆ ರಾಯಚೂರಿಗೂ ಬಂದಿತ್ತು, ಬೇರೆ ಹೆಸರಿನಲ್ಲಿ. ಕನ್ನಡದಲ್ಲಿ ಆಗ ಡಬ್ಬಿಂಗ್ ನಡೆಯುತ್ತಿರಲಿಲ್ಲ. ಆ ತಡೆ ತಪ್ಪೆಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಹಾಗಾಗಿ ಬೇರೆ ಭಾಷೆಯ ಕಥೆ ಬರಬೇಕಾದರೆ ಕನ್ನಡ ಮುಖ ಹೊತ್ತೇ ಬರಬೇಕು. ಪ್ರಿಯದರ್ಶನ್ ಅವರ 1988ರ ‘ಚಿತ್ರಂ’ 1993ರಲ್ಲಿ ದ್ವಾರಕೀಶರ ಕೈಯಲ್ಲಿ ‘ರಾಯರು ಬಂದರು ಮಾವನ ಮನೆಗೆ’ ಆಯಿತು. ಫಾಜಿಲ್ ಅವರ 1993ರ ‘ಮಣಿಚಿತ್ರತ್ತಾಳ್’ 2004ರಲ್ಲಿ ಅದೇ ದ್ವಾರಕೀಶರ ನಿರ್ಮಾಣದಲ್ಲಿ ‘ಆಪ್ತಮಿತ್ರ’ವಾಯಿತು. ಎರಡರಲ್ಲೂ ವಿಷ್ಣುವರ್ಧನ್. ತಾವೇ ದೊಡ್ಡ ಹಾಸ್ಯನಟರಾಗಿದ್ದ ದ್ವಾರಕೀಶರ ಮೂಗಿಗೆ ಒಳ್ಳೆಯ ನಗೆಯ ವಾಸನೆ ದೂರದಿಂದಲೇ ಬಡಿಯುತ್ತಿತ್ತು. ‘ಆಪ್ತಮಿತ್ರ’ ನೋಡಿ ನಕ್ಕು ನಡುಗಿ ಬಂದ ನಮ್ಮೂರಿನ ಮಂದಿಗೆ ಆ ಮನೆ, ಆ ನಾಗವಲ್ಲಿ ಎಲ್ಲ ಕೇರಳದ ಒಂದು ತರವಾಡು ಮನೆಯಿಂದ ಬಂದದ್ದೆಂದು ಯಾರೂ ಹೇಳಿರಲಿಲ್ಲ.

ಹೊಸ ಶತಮಾನದ ಮೊದಲ ಹತ್ತು ವರ್ಷ ಮಲಯಾಳಂ ನಗೆ ಸಪ್ಪೆಯಾಯಿತು. ಮಿಮಿಕ್ರಿಯ ಚುರುಕು ಉಳಿದು ಬದುಕು ಜಾರಿಹೋಯಿತು. ಬೀಳುವುದು, ಓಡುವುದು, ಹೆಂಗಸಿನ ವೇಷ ಹಾಕುವುದು ಇಷ್ಟೇ. ಆ ಕಾಲದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ತಿರುವು ಬಂದದ್ದು 2016ರ ಫೆಬ್ರುವರಿಯಲ್ಲಿ, ಒಂದು ಜೊತೆ ಚಪ್ಪಲಿಯಿಂದ. ದಿಲೀಶ್ ಪೋತನ್ ನಿರ್ದೇಶನದ, ಶ್ಯಾಮ್ ಪುಷ್ಕರನ್ ಬರೆದ ‘ಮಹೇಶಿಂಟೆ ಪ್ರತಿಕಾರಂ’. ಇಡುಕ್ಕಿಯ ಬೆಟ್ಟದೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡ ಮಹೇಶ ನಡುಬೀದಿಯಲ್ಲಿ ಒಬ್ಬನಿಂದ ಒದೆ ತಿನ್ನುತ್ತಾನೆ. ಪಂಚೆ ಕಳಚಿಬೀಳುತ್ತದೆ, ಊರು ನೋಡುತ್ತದೆ. ತಿರುಗಿ ಹೊಡೆಯುವವರೆಗೂ ಚಪ್ಪಲಿ ಮೆಟ್ಟುವುದಿಲ್ಲ ಎಂದು ಮಹೇಶ ಆಣೆ ಮಾಡುತ್ತಾನೆ. ಹೊಡೆದವನು ದುಬೈಗೆ ಹೋಗಿಬಿಡುತ್ತಾನೆ! ಮಹೇಶ ಬರಿಗಾಲಲ್ಲಿ ಕಾಯುತ್ತಾನೆ. ದ್ರೌಪದಿ ಮುಡಿ ಬಿಚ್ಚಿ ಮಾಡಿದ ಪ್ರತಿಜ್ಞೆಯನ್ನು ಒಬ್ಬ ಫೋಟೋ ತೆಗೆಯುವವನ ಕಾಲಿಗೆ ತಂದದ್ದು ಇದು. ನಂಬಿಯಾರರ ತುಳ್ಳಲ್ ಮತ್ತೆ ಎದ್ದು ಕುಣಿಯಿತು. ಆ ಜಗಳ ಹುಟ್ಟಿದ ಬಗೆಯನ್ನು ಸಿನಿಮಾ ಎಷ್ಟು ತಾಳ್ಮೆಯಿಂದ ಹೆಣೆಯುತ್ತದೆಂದರೆ, ಒಂದು ಸಣ್ಣ ಮಾತಿಗೆ ಇನ್ನೊಂದು ಸಣ್ಣ ಮಾತು ಸೇರಿ, ಸಂಬಂಧವೇ ಇಲ್ಲದ ನಾಲ್ಕು ಜನರ ಸಿಟ್ಟು ಸುತ್ತಿ ಬಂದು ಮಹೇಶನ ಕೆನ್ನೆಗೆ ಬೀಳುತ್ತದೆ. ನಮ್ಮ ಹಳ್ಳಿಗಳಲ್ಲಿ ಜಗಳ ಹತ್ತುವುದೂ ಹಾಗೆಯೇ. ಬದುವಿನ ಮೇಲೆ ಎಮ್ಮೆ ಕಾಲಿಟ್ಟದ್ದಕ್ಕೆ ಮೂರು ತಲೆಮಾರು ಮಾತು ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

ಮರುವರ್ಷ ಪೋತನ್ ಕಾಸರಗೋಡಿಗೆ ಬಂದರು. ‘ತೊಂಡಿಮುದಲುಂ ದೃಕ್ಸಾಕ್ಷಿಯುಂ’. ಬಸ್ಸಿನಲ್ಲಿ ಕಳ್ಳನೊಬ್ಬ ಹೆಂಗಸಿನ ಕೊರಳಿನ ಚಿನ್ನ ಕಿತ್ತು ನುಂಗುತ್ತಾನೆ. ಮಾಲು ಅವನ ಹೊಟ್ಟೆಯಲ್ಲಿ. ಇಡೀ ಪೊಲೀಸ್ ಠಾಣೆ ಅವನಿಗೆ ಬಾಳೆಹಣ್ಣು ತಿನ್ನಿಸಿ, ಹಿತ್ತಿಲಿಗೆ ಕರೆದೊಯ್ದು ಕಾಯಬೇಕು. ಚಿನ್ನ ಕಳೆದುಕೊಂಡವಳ ಗಂಡನ ಹೆಸರು ಪ್ರಸಾದ್, ಕಳ್ಳ ಹೇಳುವ ಹೆಸರೂ ಪ್ರಸಾದ್. ಠಾಣೆಯಲ್ಲಿ ಕಾಣುವ ಪೊಲೀಸರಲ್ಲಿ ಹೆಚ್ಚಿನವರು ನಿಜವಾದ ಪೊಲೀಸರು. ಅವರು ಫೈಲು ಮಡಿಸುವುದು, ಬೈಯುವುದು, ಬೈದು ಚಹಾ ತರಿಸುವುದು ಯಾವುದೂ ನಟನೆಯಂತಿಲ್ಲ. ಪ್ರೇಕ್ಷಕ ಠಾಣೆಯ ಬೆಂಚಿನ ಮೇಲೆ ಕೂತು ನೋಡಿದಂತೆ ನಗುತ್ತಾನೆ, ತನ್ನ ಸರದಿ ಬಂದರೇನು ಗತಿ ಎಂಬ ಅಳುಕು ಇಟ್ಟುಕೊಂಡೇ ನಗುತ್ತಾನೆ. ಆ ಚಿತ್ರಕ್ಕೆ ಅತ್ಯುತ್ತಮ ಮಲಯಾಳಂ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಕಳ್ಳನಾದ ಫಹಾದ್ ಫಾಸಿಲ್ ಅವರಿಗೆ ಪೋಷಕ ನಟ ಪ್ರಶಸ್ತಿ ಬಂತು.

ಕಾಸರಗೋಡಿನ ಬಾಗಿಲು ತೆರೆದದ್ದು ಆಗ. ಏಳು ಭಾಷೆಗಳ ನಾಡೆಂದು ಆ ಜಿಲ್ಲೆಯವರು ಹೇಳಿಕೊಳ್ಳುತ್ತಾರೆ. ಮಲಯಾಳಂ, ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು. ಹಳೆಯ ಮಲಯಾಳಂ ಸಿನಿಮಾದಲ್ಲಿ ಈ ಬಡಗಣ ತುದಿಯ ಆಡುಮಾತಿಗೆ ಜಾಗವಿರಲಿಲ್ಲ; ಮಧ್ಯ ಕೇರಳದ ಮಾತೇ ಸಿನಿಮಾದ ಮಾತು. 2021ರಲ್ಲಿ ಸೆನ್ನ ಹೆಗ್ಡೆ ತಮ್ಮ ಊರು ಕಾಞಂಗಾಡಿನಲ್ಲಿ ‘ತಿಂಗಳಾಳ್ಚ ನಿಶ್ಚಯಂ’ ಮಾಡಿದರು. ಸೋಮವಾರ ನಿಶ್ಚಿತಾರ್ಥ, ಅಷ್ಟೇ ಕಥೆ. ಕುವೈತಿನಿಂದ ಮರಳಿದ ವಿಜಯನ್‌ಗೆ ಮನೆಯಲ್ಲಿ ತನ್ನ ಮಾತೇ ನಡೆಯಬೇಕು, ಮಗಳಿಗೆ ಬೇರೆ ಹುಡುಗ ಬೇಕು, ಅಡುಗೆಯವರು, ಪೆಂಡಾಲಿನವರು, ನೆಂಟರು ಎಲ್ಲ ಅಂಗಳದಲ್ಲಿ ಗಿಜಿಗುಟ್ಟುತ್ತಿದ್ದಾರೆ. ಹೊಸಬರೇ ತುಂಬಿದ ಈ ಸಿನಿಮಾಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಇದಕ್ಕೂ ಮೊದಲು, 2018ರಲ್ಲಿ, ಅದೇ ಸೆನ್ನ ಹೆಗ್ಡೆ ಕನ್ನಡದಲ್ಲಿ ‘ಕಥೆಯೊಂದು ಶುರುವಾಗಿದೆ’ ನಿರ್ದೇಶಿಸಿದ್ದರು. ರಾಜ್ಯದ ಗಡಿ ಅವರ ಕೆಲಸಕ್ಕೆ ಗಡಿಯಾಗಲಿಲ್ಲ.

2022ರ ಆಗಸ್ಟಿನಲ್ಲಿ ಬಂದ ‘ನ್ನಾ ತಾನ್ ಕೇಸ್ ಕೊಡ್’ ನನ್ನ ಅತ್ಯಂತ ಪ್ರೀತಿಯ ಸಿನಿಮಾ. ನಿರ್ದೇಶಕ ರತೀಶ್ ಬಾಲಕೃಷ್ಣನ್ ಪೊದುವಾಳ್. ಕಾಸರಗೋಡಿನ ಚೀಮೇನಿಯ ಕಡೆ ನಡೆಯುವ ಕಥೆ. ಕಳ್ಳತನ ಬಿಟ್ಟು ನೆಟ್ಟಗೆ ಬಾಳುತ್ತಿದ್ದ ರಾಜೀವನ್ ಒಂದು ರಾತ್ರಿ ರಸ್ತೆಯಲ್ಲಿ ಬರುವಾಗ, ಗುಂಡಿ ತಪ್ಪಿಸಲು ಹೋದ ಆಟೋ ಅವನ ಮೇಲೆ ನುಗ್ಗುತ್ತದೆ. ಜೀವ ಉಳಿಸಿಕೊಳ್ಳಲು ಪಕ್ಕದ ಗೋಡೆ ಹಾರುತ್ತಾನೆ. ಅದು ಶಾಸಕರ ಮನೆ. ನಾಯಿಗಳು ಕಚ್ಚುತ್ತವೆ. ಹಳೆಯ ಕಳ್ಳ ಗೋಡೆ ಹಾರಿದನೆಂದರೆ ಯಾರು ಬಿಡುತ್ತಾರೆ? ಕೋರ್ಟಿನಲ್ಲಿ ರಾಜೀವನ್ ವಕೀಲರಿಲ್ಲದೆ ತಾನೇ ವಾದಿಸುತ್ತಾನೆ: ನಾನು ಹಾರಿದ್ದಕ್ಕೆ ಆಟೋ ಕಾರಣ, ಆಟೋಗೆ ಗುಂಡಿ ಕಾರಣ, ಗುಂಡಿಗೆ ಲೋಕೋಪಯೋಗಿ ಮಂತ್ರಿ ಕಾರಣ, ಮಂತ್ರಿಯನ್ನು ಕರೆಸಿ. ಸಾಮಾನ್ಯನೊಬ್ಬ ಹಲ್ಲು ಕಚ್ಚಿ ತರ್ಕವನ್ನು ಕೊನೆಯವರೆಗೂ ಎಳೆದರೆ ಏನಾಗುತ್ತದೆ ಎಂಬುದೇ ಇಲ್ಲಿಯ ನಗೆ. ರಾಜೀವನ್ ಆದ ಕುಂಚಾಕೋ ಬೋಬನ್ ತಮ್ಮ ಸುಂದರ ಮುಖವನ್ನು ಬಿಸಿಲಿಗೆ ಸುಟ್ಟಂತೆ, ಹಲ್ಲು ಕೆಟ್ಟಂತೆ ಮಾಡಿಕೊಂಡು ಬಂದರು. ಮ್ಯಾಜಿಸ್ಟ್ರೇಟ್ ಆದವರು ಪಿ.ಪಿ. ಕುಞಿಕೃಷ್ಣನ್, ನಿವೃತ್ತ ಮೇಷ್ಟ್ರು, ಆಗ ಪಂಚಾಯ್ತಿ ಸದಸ್ಯರಾಗಿದ್ದವರು. ಅವರು ಕಣ್ಣಗಲಿಸಿ, ಬಂದ ನಗೆಯನ್ನು ಪೀಠದ ಗೌರವಕ್ಕಾಗಿ ಗಂಟಲಲ್ಲೇ ತಡೆದುಕೊಳ್ಳುವ ಒಂದು ಕ್ಷಣವಿದೆ. ಕೇರಳ ಸರ್ಕಾರದ ಪೋಷಕ ನಟ ಪ್ರಶಸ್ತಿ ಅವರ ಮನೆ ಬಾಗಿಲಿಗೆ ಹೋದದ್ದು ಎಷ್ಟು ಸರಿ! ಮಾನ್ವಿಯಿಂದ ಚೀಕಲಪರ್ವಿಗೆ ಮಳೆಗಾಲದಲ್ಲಿ ಬೈಕಿನ ಮೇಲೆ ಹೋದವರಿಗೆ ಈ ಸಿನಿಮಾದ ಗುಂಡಿಯ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇತ್ತ ಗಡಿಯ ಕನ್ನಡದ ಬದಿಯಲ್ಲೂ ಬೆಂಕಿ ಹೊತ್ತಿಕೊಂಡಿತ್ತು. ಕಾಸರಗೋಡು, ಮಂಗಳೂರಿನ ಕಡೆ ನಗೆಗೆ ಹಳೆಯ ಆಸ್ತಿಯಿದೆ. ಯಕ್ಷಗಾನದ ತೆಂಕುತಿಟ್ಟಿನ ಆದ್ಯ ಕವಿ ಪಾರ್ತಿಸುಬ್ಬ ಕುಂಬಳೆಯವನು. ಆಟದಲ್ಲಿ ರಾಜ ರಾಕ್ಷಸರು ಛಂದಸ್ಸಿನ ಎತ್ತರದಲ್ಲಿ ನಿಂತಿರುವಾಗ, ಹಾಸ್ಯಗಾರ ದೂತನಾಗಿಯೋ ಮುದುಕಿಯಾಗಿಯೋ ಬಂದು ಅಂದಿನ ಊರ ಸುದ್ದಿಯನ್ನು ಆಡುಮಾತಿನಲ್ಲಿ ತೂರಿಸುತ್ತಾನೆ. ಅದರ ಮೇಲೆ ತುಳು ನಾಟಕಗಳು. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕ ‘ಒರಿಯರ್ದೊರಿ ಅಸಲ್’ 2011ರಲ್ಲಿ ಸಿನಿಮಾ ಆಗಿ ಮಂಗಳೂರಿನಲ್ಲಿ ನೂರು ದಿನ ದಾಟಿತು. ರಂಗದ ಮೇಲೆ ರಾತ್ರಿಯೆಲ್ಲ ಜನರ ನಗೆಯನ್ನು ನೇರ ಅಳೆದ ನಟರು ಅಲ್ಲಿ ನೂರಾರು.

2017ರಲ್ಲಿ ರಾಜ್ ಬಿ. ಶೆಟ್ಟಿ ತಲೆಕೂದಲು ಉದುರಿದ ಕನ್ನಡ ಉಪನ್ಯಾಸಕನ ಹೆಣ್ಣು ಹುಡುಕುವ ಪಾಡನ್ನು ‘ಒಂದು ಮೊಟ್ಟೆಯ ಕಥೆ’ಯಾಗಿ ಹೇಳಿದರು. ಎರಡು ವರ್ಷಕ್ಕೆ ಆ ಕಥೆ ಮಲಯಾಳಂನಲ್ಲಿ ‘ತಮಾಶ’ ಎಂಬ ಸಿನಿಮಾ ಆಯಿತು. ಮೂವತ್ತು ವರ್ಷ ಅಲ್ಲಿಂದ ಇಲ್ಲಿಗೆ ಬರುತ್ತಿದ್ದ ನಗೆ ಮೊದಲ ಸಲ ಇಲ್ಲಿಂದ ಅಲ್ಲಿಗೆ ಹೊಳೆ ದಾಟಿದಂತೆ ನನಗೆ ಅನಿಸಿತು. 2018ರಲ್ಲಿ ರಿಷಬ್ ಶೆಟ್ಟಿ ಅವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಬಂತು. ಮುಚ್ಚಿಹೋಗುವ ಕನ್ನಡ ಶಾಲೆಯ ಹುಡುಗರು, ಕನ್ನಡವೇ ಬಾರದ ಮಲಯಾಳಿ ಮೇಷ್ಟ್ರು, ಅವರ ನೆರವಿಗೆ ಮೈಸೂರಿನಿಂದ ಬರುವ ಅನಂತ್ ನಾಗ್. ಕಯ್ಯಾರರು ಕಣ್ಣೀರಿನಲ್ಲಿ ಹೇಳಿದ್ದನ್ನು ಈ ಸಿನಿಮಾ ಮಕ್ಕಳ ಕೇಕೆಯಲ್ಲಿ ಹೇಳಿತು. ಅದರಲ್ಲಿ ಭುಜಂಗನಾಗಿ ನಗಿಸಿದ ಪ್ರಕಾಶ್ ತುಮಿನಾಡು ಏಳು ವರ್ಷದ ಮೇಲೆ ‘ಸು ಫ್ರಮ್ ಸೋ’ದಲ್ಲಿ ಕುಡುಕ ಬಾವನಾದರು. ನಿರ್ಮಾಣ ಮಾಡಿ ಕರುಣಾಕರ ಗುರೂಜಿಯಾಗಿ ಬಂದವರು ಅದೇ ರಾಜ್ ಬಿ. ಶೆಟ್ಟಿ. 2025ರ ಜುಲೈ 25ರಂದು ತೆರೆಕಂಡ ಈ ಸಿನಿಮಾ ದೊಡ್ಡ ನಟರಿಲ್ಲದೆ ನೂರು ಕೋಟಿ ದಾಟಿತು. ಒಂದೇ ವಾರದಲ್ಲಿ, ಆಗಸ್ಟ್ 1ಕ್ಕೆ, ಮಲಯಾಳಂ ಮಾತಿನಲ್ಲಿ ಕೇರಳಕ್ಕೂ ಹೋಯಿತು. ಅಲ್ಲಿ ಅದನ್ನು ಹಂಚಿದ್ದು ದುಲ್ಕರ್ ಸಲ್ಮಾನ್ ಅವರ ಸಂಸ್ಥೆ.

ಬೆಂಗಳೂರನ್ನು ಬಿಟ್ಟರೆ ಈ ಚರಿತ್ರೆ ಪೂರ್ತಿಯಾಗದು. ಜಿತು ಮಾಧವನ್ ತಮ್ಮ ಬೆಂಗಳೂರು ದಿನಗಳ ನೆನಪಿನಿಂದ 2023ರಲ್ಲಿ ‘ರೋಮಾಂಚಂ’ ಮಾಡಿದರು. ಬಾಡಿಗೆ ಮನೆಯೊಂದರಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುವ ಏಳು ಮಲಯಾಳಿ ಹುಡುಗರು ಹೊತ್ತು ಹೋಗದೆ ಆತ್ಮವನ್ನು ಕರೆದು ಮಾತಾಡಿಸುವ ಕಥೆ. 2024ರ ‘ಆವೇಶಂ’ನಲ್ಲಿ ಫಹಾದ್ ಫಾಸಿಲ್ ಬೆಂಗಳೂರಿನ ರೌಡಿ ರಂಗ. ಮೈತುಂಬ ಚಿನ್ನ, ಬಿಳಿ ಬಟ್ಟೆ, ಕನ್ನಡ ಮಲಯಾಳಂ ಬೆರೆತ ಮಾತು. ಅವನಿಗೆ ಕಾಲೇಜು ಹುಡುಗರ ಗೆಳೆತನ ಬೇಕು, ಪ್ರೀತಿ ಬೇಕು, ಚಿಕ್ಕ ಮಗುವಿನ ಹಟದಂತೆ ಬೇಕು. ಕತ್ತಿ ಹಿಡಿದವನ ಆ ಹಸಿವು ಕಂಡೇ ನಮಗೆ ನಗು ಬರುವುದು, ಮತ್ತೆ ಅದನ್ನು ಕಂಡೇ ಗಂಟಲು ಕಟ್ಟುವುದು. ಅಳಿಯ ಅದನ್ನು ಬೆಂಗಳೂರಿನ ಟಾಕೀಸಿನಲ್ಲಿ ಮೂರು ಸಲ ನೋಡಿದನಂತೆ. ಅವನು ಬೆಂಗಳೂರಿಗೆ ಹೋದದ್ದು ಕಾಲೇಜಿಗಲ್ಲ, ಗುಳೆ.

ನನ್ನ ಮನಸ್ಸಿನಲ್ಲಿ ಕುಟುಕುತ್ತಿರುವುದು ಇದೇ. ನಗೆಗೆ ನಮ್ಮ ನೆಲ ಬರಡಲ್ಲ. ಹಾಸ್ಯ ಸಾಹಿತಿ ಬೀಚಿಯವರು 1913ರಲ್ಲಿ ಹುಟ್ಟಿದ ಹರಪನಹಳ್ಳಿ ನಮ್ಮಿಂದ ಬಹಳ ದೂರವಿಲ್ಲ. ಅವರ ಪಾತ್ರವಾದ ತಿಂಮನನ್ನು ವೇದಿಕೆಗೆ ತಂದು ಊರೂರಿಗೆ ಹಂಚಿದ ಪ್ರಾಣೇಶರ ಗಂಗಾವತಿ 1997ರವರೆಗೆ ರಾಯಚೂರು ಜಿಲ್ಲೆಯದೇ ಆಗಿತ್ತು. ಗಣೇಶನ ಹಬ್ಬಕ್ಕೆ ಹಾಸ್ಯಸಂಜೆ ಇಟ್ಟರೆ ಇಂದಿಗೂ ಮಾನ್ವಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ಆದರೂ ಸಿನಿಮಾದಲ್ಲಿ ನಮ್ಮ ಮಾತು ಕೇಳಿಬಂದರೆ ಅದು ಕಾವಲುಗಾರನ ಬಾಯಲ್ಲಿ, ಗಾರೆ ಕೆಲಸದವನ ಬಾಯಲ್ಲಿ. ಅವನು ಬಾಯಿ ತೆರೆದರೆ ಸಾಕು, ನಗಬೇಕೆಂದು ಸಂಗೀತ ಸೂಚನೆ ಕೊಡುತ್ತದೆ. ಅಲ್ಲಿ ನಗುವುದು ಮನುಷ್ಯನನ್ನು ಗುರುತಿಸಿ ಅಲ್ಲ, ಅವನ ಉಚ್ಚಾರ ಕೇಳಿ. ಕಾಸರಗೋಡಿನ ಮಾತನ್ನು ಕಾಸರಗೋಡಿನವರೇ ಪರದೆಗೆ ತಂದಾಗ ಅದು ಹಂಗಿಸುವ ಮಾತಾಗಲಿಲ್ಲ, ಮನೆಯ ಮಾತಾಯಿತು.

ನಮ್ಮ ಮಾತು ಪರದೆಯ ಮೇಲೆ ಮರ್ಯಾದೆಯಿಂದ ನಿಂತದ್ದನ್ನೂ ನಾನು ಕಂಡಿದ್ದೇನೆ. 2024ರಲ್ಲಿ ತೆರೆಕಂಡ ಉತ್ಸವ್ ಗೋನವಾರ ಅವರ ‘ಫೋಟೋ’. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆಯಿಂದ, ಗುಳೆ ಹೋದ ಅಪ್ಪನ ಹಿಂದೆ ಬೆಂಗಳೂರು ಸೇರಿದ ನಮ್ಮ ಕಡೆಯ ಹುಡುಗ, ಲಾಕ್‌ಡೌನ್, ಬಿಸಿಲಲ್ಲಿ ನಡೆದು ಊರಿಗೆ ಬರುವ ದಾರಿ. ನೋಡಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗೆ ನಮ್ಮ ಮಾತು ಅಳಲು ಕಲಿತಿದೆ. ದಾಸನ್ ವಿಜಯನ್‌ರ ಹಾಗೆ, ಹಸಿದೇ ನಗಿಸುವ ಇಬ್ಬರು ಮಾನ್ವಿಯ ಹುಡುಗರು ಬರಲಿ ಎಂದು ನಾನು ಕಾಯುತ್ತಿದ್ದೇನೆ.

ಆ ರಾತ್ರಿ ಸಿನಿಮಾ ಮುಗಿದ ಮೇಲೂ ಯಾರೂ ಏಳಲಿಲ್ಲ. ನದಿಯ ಕಡೆಯಿಂದ ತಣ್ಣನೆ ಗಾಳಿ, ಗದ್ದೆಯ ಮಾಗಿದ ಭತ್ತದ ವಾಸನೆ. ಅಳಿಯ ಫೋನು ಕಿಸೆಗೆ ಹಾಕಿ, ತಾನು ಮೊದಲ ಸಲ ಬೆಂಗಳೂರಿಗೆ ಹೋದ ಸುದ್ದಿ ತೆಗೆದ. ಅವನೂ ಅವನ ಗೆಳೆಯನೂ ರೊಟ್ಟಿಯ ಗಂಟು ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತಿದ್ದರು. ಸಿಲ್ಕ್ ಬೋರ್ಡಿನ ಹತ್ತಿರ ಬಂದು ನಿಲ್ಲಿರಿ, ಕರೆದುಕೊಂಡು ಹೋಗುತ್ತೇನೆ ಎಂದು ಮೇಸ್ತ್ರಿ ಫೋನಿನಲ್ಲಿ ಹೇಳಿದ್ದ.

“ಸಿಲ್ಕ್ ಅಂದ್ರ ರೇಷ್ಮಿ ಅಂಬಾದು ನನಗ ಗೊತ್ತಿತ್ತು ಮಾವಾ. ಎಂಟನೇತ್ತೆದಾಗ ಓದಿದ್ದೆ. ಹಂಗಾಗಿ ಇವಗ ಹೇಳಿದೆ, ರೇಷ್ಮಿ ಬೋರ್ಡು ಎಲ್ಲೈತಿ ನೋಡಲೇ ಅಂತ. ಇಬ್ರೂ ನಸಿಕಿನ್ಯಾಗ ಎರಡು ತಾಸು ತಿರುಗಿದ್ವಿ. ಒಂದು ರೇಷ್ಮಿ ಸೀರಿ ಅಂಗಡಿ ಸಿಕ್ತು. ದೊಡ್ಡ ಬೋರ್ಡು. ಅದರ ಕೆಳಗ ಕುಂತ್ವಿ.”

ಕಟ್ಟೆಯ ಮೇಲೆ ಆಗಲೇ ಇಬ್ಬರು ಹೊಟ್ಟೆ ಹಿಡಿದುಕೊಂಡಿದ್ದರು. ಅಳಿಯ ನಗಲಿಲ್ಲ. ಅವನ ಮುಖದಲ್ಲಿ ಅಂದಿನ ಚಳಿ, ಅಂದಿನ ಹೆದರಿಕೆ ಹಾಗೇ ಇತ್ತು.

“ಮೇಸ್ತ್ರಿ ಫೋನ್ ಮಾಡಿದ, ಎಲ್ಲಿದ್ದೀರಲೇ ಅಂತ. ಬೋರ್ಡಿನ ಕೆಳಗ ಅದೀವ್ರಿ ಅಂದೆ. ನಾನೂ ಬೋರ್ಡಿನ್ಯಾಗ ಅದೀನಿ, ನೀವು ಕಾಣವಲ್ರಿ ಅಂದ. ನೀವೂ ನಮಗ ಕಾಣವಲ್ರಿ ಅಂದೆ. ಹಿಂಗ ಒಂಬತ್ತು ಗಂಟೆ ತನಕ.”

ಅಮ್ಮ ಕಣ್ಣೊರೆಸಿಕೊಂಡರು. “ಆ ಸೀರಿ ಅಂಗಡ್ಯಾವ ಬಂದು ನಿಮ್ಮನ್ನ ಎಬ್ಬಿಸಲಿಲ್ಲೇನಪಾ?”

“ಎಬ್ಬಿಸಿದ ಬೇ. ಬಾಗಲಾ ತಗೀಬೇಕು, ಸ್ವಲ್ಪ ಅತ್ತಾಗ ಸರೀರಿ ಅಂದ. ಆಮ್ಯಾಲೆ ಗಂಟು ನೋಡಿ, ಯಾವೂರು ಅಂತ ಕೇಳಿದ. ಮಾನ್ವಿ ಅಂದ್ವಿ. ಇಬ್ರಿಗೂ ಚಾ ತರಿಸಿದ.”